ದೊಡ್ಡ ಬಾಯಾರ ಛತ್ರಿ ಕಡ್ಡಿ

ಬೇರೆ ಹೆಂಗಸರು ತುರುಬಿಗೆ ಅಬ್ಬಲಿಗೆ ಮುಡಿದರೆ ನಮ್ಮ ದೊಡ್ಡ ಬಾಯಾರು ಛತ್ರಿಯ ಕಡ್ಡಿ ಮುಡಿಯುತ್ತಿದ್ದರು. ಗಾಳಿಗೆ ಮುರಿದ ಕರಿ ಛತ್ರಿಯಿಂದ ಕಿತ್ತ ಉಕ್ಕಿನ ಕಡ್ಡಿ. ಅದನ್ನು ಗೇಣುದ್ದಕ್ಕೆ ಕತ್ತರಿಸಿ, ಎರಡೂ ತುದಿಯನ್ನು ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿಕೊಂಡಿದ್ದರು. ಬಿಳಿ ಸೀರೆ, ನರೆ ಬೆರೆತ ಬಿಗಿ ತುರುಬು, ಅದರಲ್ಲಿ ಅಡ್ಡಲಾಗಿ ಈ ಕಡ್ಡಿ. ಬಿಸಿಲಿಗೆ ಅದು ದೂರದಿಂದಲೇ ಮಿಂಚುತ್ತಿತ್ತು. ಓಣಿಯ ಮಕ್ಕಳು "ಕಡ್ಡಿ ಬಾಯಾರು ಬಂದ್ರಲೇ" ಎಂದು ಕೂಗಿ, ಸೂಜಿ ಚುಚ್ಚುತ್ತಾರೆಂಬ ಹೆದರಿಕೆಗೆ ಬಣವೆಯ ಹಿಂದೆ ಅಡಗಿಕೊಳ್ಳುತ್ತಿದ್ದವು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಬೆಟಗೇರಿಯ ಮಗ್ಗದ ಮನೆಯಲ್ಲಿ ಹುಟ್ಟಿ, ನರ್ಸಿಂಗ್ ತರಬೇತಿ ಮುಗಿಸಿ, ಶಿರಹಟ್ಟಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರಕ್ಕೆ ನರ್ಸಬಾಯಿಯಾಗಿ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಬರೆಯುವುದಿಲ್ಲ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ. ದೊಡ್ಡ ಬಾಯಾರು ಅಲ್ಲಿ ಹೆಲ್ತ್ ವಿಜಿಟರ್, ಅಂದರೆ ಸುತ್ತಲ ಹಳ್ಳಿಗಳಿಗೆ ಹೋಗುವ ನಮ್ಮಂಥ ಮೂವರು ನರ್ಸಬಾಯಿಯರ ಮೇಲಿನವರು. ಲಕ್ಕುಂಡಿ ಕಡೆಯ ಪೂಜಾರಿಕೆಯ ಮನೆತನದ ಮಗಳು. ಬಾಣಂತಿಯರ ರಕ್ತ ಮುಟ್ಟುವ ಕೆಲಸಕ್ಕೆ ಸೇರಿದಳೆಂದು ತವರಿನವರು ಅವರ ಕೈಯ ನೀರು ಬಿಟ್ಟಿದ್ದರಂತೆ. ಅದನ್ನು ಅವರು ನಗುತ್ತಲೇ ಹೇಳುತ್ತಿದ್ದರು: "ನಮ್ಮವರು ನನ್ನ ಕೈಯಾಗಿಂದು ಕುಡಿಯೂದಿಲ್ಲ. ಅದಕ ನಾ ಊರವರೆಲ್ಲರ ಕೈಯಾಗಿಂದು ಕುಡೀತೀನಿ."

ಅದು ತಮಾಷೆಯ ಮಾತಾಗಿರಲಿಲ್ಲ, ಅವರ ಕೆಲಸದ ರೀತಿಯೇ ಅದು. ಯಾವ ಜಾತಿಯ ಮನೆಯಾಗಲಿ, ಹೊಸ್ತಿಲು ದಾಟಿದ ಕೂಡಲೇ ಮೊದಲು ನೀರು ಕೇಳುವುದು. ನಮ್ಮ ಕಡೆ ಬಂದವರಿಗೆ ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುವುದು ವಾಡಿಕೆ. ಆ ತಂಬಿಗೆ ಕೈಗೆ ಬರುವ ತನಕ ಅವರು ಬಸಿರಿನ ಮಾತಾಗಲಿ ಜ್ವರದ ಮಾತಾಗಲಿ ಎತ್ತುತ್ತಿರಲಿಲ್ಲ. "ನೀರ ಕೊಟ್ಟಾಕಿ ಮಾತು ಕೊಡತಾಳ, ತಂಗಿ. ನೀರ ಕೊಡದಾಕಿ ಮುಂದ ಪುಸ್ತಕಾ ತಗೀಬ್ಯಾಡ" ಎಂದು ನನಗೆ ಮೊದಲ ದಿನವೇ ಹೇಳಿದ್ದರು. ಬಸುರಿಯ ಮೊಳಕಾಲ ಕೆಳಗೆ ಹೆಬ್ಬೆರಳು ಒತ್ತಿ ಹತ್ತು ಎಣಿಸಿ, ಕುಳಿ ಬಿದ್ದಿತೇ ನೋಡುವುದು, ಕಣ್ಣಿನ ಕೆಳರೆಪ್ಪೆ ಜಗ್ಗಿ ರಕ್ತ ಎಷ್ಟಿದೆ ಅಂದಾಜು ಮಾಡುವುದು, ಕೂಸಿನ ನೆತ್ತಿ ಮುಟ್ಟಿ ಮೈಯಲ್ಲಿ ನೀರು ಆರಿದೆಯೇ ಹೇಳುವುದು, ಇವನ್ನೆಲ್ಲ ತರಬೇತಿಯಲ್ಲಿ ಓದಿದ್ದೆ. ಕೈಗೆ ಬಂದದ್ದು ಇವರ ಹಿಂದೆ ಎರೆ ಮಣ್ಣು ತುಳಿದ ಮೇಲೆಯೇ.

ಇನ್ನು ಕಡ್ಡಿಯ ಸಂಗತಿ. ಸರ್ಕಾರ ಕೊಟ್ಟ ದಪ್ಪ ರಿಜಿಸ್ಟರುಗಳಲ್ಲಿ ಹೆಸರು ಬರೆಯಬಹುದಿತ್ತು, ಹುಡುಕಲಾಗುತ್ತಿರಲಿಲ್ಲ. ಈ ವಾರ ಯಾವ ಬಸುರಿಯನ್ನು ನೋಡಬೇಕು ಎಂದು ತಿಳಿಯಲು ನೂರಾರು ಹಾಳೆ ತಿರುವಬೇಕು. ದೊಡ್ಡ ಬಾಯಾರು ಒಂದು ಉಪಾಯ ಹೂಡಿದ್ದರು. ಗದಗದ ಒಂದು ಛಾಪಖಾನೆಯಿಂದ ರಟ್ಟಿನ ಉಳಿಕೆ ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಿ ತಂದಿದ್ದರು. ಪರಿಚಯದ ಕಂಡಕ್ಟರೊಬ್ಬರು ಟಿಕೆಟ್ಟಿಗೆ ತೂತು ಹಾಕುವ ಹಳೆಯ ಇಕ್ಕಳ ಕೊಟ್ಟಿದ್ದರು. ಪ್ರತಿ ಹೆಂಗಸಿಗೆ ಒಂದು ಕಾರ್ಡು. ಕಾರ್ಡಿನ ಮೇಲಂಚಿನಲ್ಲಿ ಸಾಲಾಗಿ ಎಂಟು ತೂತು. ಮೊದಲನೆಯದು ಬಸಿರು, ಎರಡನೆಯದು ಬಾಣಂತಿ, ಮೂರನೆಯದು ಎಳೆಗೂಸು, ಐದನೆಯದು ಕ್ಷಯ, ಹೀಗೆ. ಯಾರಿಗೆ ಯಾವುದು ಅನ್ವಯಿಸುತ್ತದೋ ಆ ತೂತಿನ ಮೇಲಿನ ಅಂಚನ್ನು ಕತ್ತರಿಯಿಂದ ಸೀಳಿ ಬಿಡುವುದು. ಆಮೇಲೆ ಎಲ್ಲ ಕಾರ್ಡು ಒಟ್ಟುಗೂಡಿಸಿ, ಬೇಕಾದ ತೂತಿನಲ್ಲಿ ಛತ್ರಿ ಕಡ್ಡಿ ಪೋಣಿಸಿ, ಎತ್ತಿ ಕೊಡವಿದರೆ ಸೀಳಿದ ಕಾರ್ಡುಗಳಷ್ಟೇ ಕೆಳಗೆ ಉದುರುತ್ತವೆ. ಮಿಕ್ಕವು ಕಡ್ಡಿಯಲ್ಲೇ ತೂಗುತ್ತವೆ.

ಮೊದಲ ಸಲ ನೋಡಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅವರ ಬಿಳಿ ಸೀರೆಯ ಮಡಿಲಿಗೆ ಹದಿನೇಳು ಬಸುರಿಯರು ತಾವಾಗಿ ಬಂದು ಬಿದ್ದರು. "ನೋಡಿದೇನು? ಉದುರಿದವರ ಮನಿಗೆ ಮೊದಲ ಹೋಗಬೇಕು" ಎಂದರು. ಆ ಹದಿನೇಳರಲ್ಲಿ ಒಬ್ಬಳನ್ನು ನಾವು ಎರಡು ತಿಂಗಳು ನೋಡಿರಲಿಲ್ಲ. ಅವತ್ತು ಬೆಳಗ್ಗೆಯೇ ಹೋದೆವು. ಕಾಲು ಬಾತು ಕಂಬವಾಗಿದ್ದವು, ಕಣ್ಣು ಮಂಜು ಎನ್ನುತ್ತಿದ್ದಳು. ಎತ್ತಿನ ಗಾಡಿ ಹೂಡಿಸಿ ಲಕ್ಷ್ಮೇಶ್ವರದ ದವಾಖಾನೆಗೆ ಮುಟ್ಟಿಸಿದೆವು. ತಾಯಿ, ಮಗು ಇಬ್ಬರೂ ಉಳಿದರು. ಅಂದಿನಿಂದ ನಾನು ಆ ರಟ್ಟಿನ ಡಬ್ಬಿಗೆ ದೇವರ ಜಗುಲಿಯ ಮರ್ಯಾದೆ ಕೊಟ್ಟೆ.

ಏಳನೆಯ ತೂತು ಯಾತಕ್ಕೆ ಎಂದು ನಾನೇ ಕೇಳಿದ್ದೆ. ಮೂರು ಸಲಕ್ಕಿಂತ ಹೆಚ್ಚು ಹೆತ್ತವರದ್ದು ಎಂದರು. ಹೆಚ್ಚು ಹೆತ್ತವರಿಗೆ ಹೆರಿಗೆಯಲ್ಲಿ ರಕ್ತ ಹೋಗುವ ಭಯ ಜಾಸ್ತಿ, ಅವರನ್ನು ಮುಂಚೆಯೇ ಗುರುತಿಸಿ ಹತ್ತಿರ ಇರಬೇಕು. "ಸತ್ತ ಕೂಸು ಲೆಕ್ಕಕ್ಕ ಹಿಡೀಬೇಕೇನ್ರಿ ಬಾಯಾರ?" ಎಂದೆ.

"ಹಿಡೀಬೇಕು. ಹೊಟ್ಟಿಗೆ ಸತ್ತದ್ದು ಬದುಕಿದ್ದು ಎಲ್ಲಾ ಒಂದ."

ಕಾರ್ಡು ತುಂಬಿಸುವುದು ಸುಲಭವಾಗಿರಲಿಲ್ಲ. ಎಷ್ಟು ಹೆತ್ತೆ, ಎಷ್ಟು ಬಸಿರು ಇಳಿದವು, ಮುಟ್ಟು ಯಾವಾಗ ನಿಂತಿತು, ಮನೆಯಲ್ಲಿ ಯಾರು ಕೆಮ್ಮುತ್ತಾರೆ, ಇದನ್ನೆಲ್ಲ ಇಪ್ಪತ್ತೆರಡು ವರ್ಷದ, ಮದುವೆಯಾಗದ ನನ್ನ ಮುಂದೆ ಯಾರು ಹೇಳುತ್ತಾರೆ? "ಇದು ಯಾರ್ಯಾರಿಗೆ ಹೋಗತೈತಿ?" ಎಂಬುದು ಎಲ್ಲರ ಪ್ರಶ್ನೆ. ಅದಕ್ಕೆ ದೊಡ್ಡ ಬಾಯಾರು ಕಲಿಸಿಕೊಟ್ಟ ಉತ್ತರ ಒಂದೇ: "ಡಬ್ಯಾಗ ಬಿದ್ದ ಮಾತು ಡಬ್ಬಿ ಬಿಟ್ಟು ಹೋಗೂದಿಲ್ಲ." ಅವರು ಹಾಗೆನ್ನುವಾಗ ಎಡಗೈಯನ್ನು ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದರು. ನಾನೂ ಹಾಗೇ ಇಡುವುದನ್ನು ಕಲಿತೆ.

ಪಿಂಜಾರರ ಮನೆಯ ಸೊಸೆ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು. ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಮನೆಯ ತುಂಬ ಅರಳೆಯ ಧೂಳು, ಆಕೆಯ ಹುಬ್ಬಿನ ಮೇಲೂ ಬಿಳಿ ಎಳೆ. ನೀರು ಬೆಲ್ಲ ಕೊಟ್ಟು, ಅತ್ತೆ ಹೊರಗೆ ಹೋದದ್ದು ನೋಡಿ, ಮೆಲ್ಲಗೆ ಹೇಳಿದಳು. ನಾಲ್ಕು ಹೆತ್ತಿದ್ದಳು. ಎರಡು ಕೈಗೆ ಹತ್ತಿರಲಿಲ್ಲ. ಒಂದು ತವರಿನಲ್ಲಿ ಹುಟ್ಟಿ ಮೂರನೇ ದಿನ ಹೋದದ್ದು, ಇನ್ನೊಂದು ದಡಾರಕ್ಕೆ. ಬದುಕಿದ್ದವು ಒಂದು ಹೆಣ್ಣು, ಒಂದು ಗಂಡು. "ಇನ್ನೊಂದು ಬೇಕಂತ ಐತ್ರಿ ನಮ್ಮಿಬ್ಬರಿಗೂ. ದಡಾರಕ್ಕ ಹೋತಲ್ಲ, ಅದರ ಮಾರಿ ಕಣ್ಣಾಗಿಂದ ಹೋಗವಲ್ದು" ಎಂದಳು. ನಾನು ಎಲ್ಲವನ್ನೂ ಬರೆದೆ. ಏಳನೇ ತೂತು ಸೀಳಿದೆ. ಮುಚ್ಚಳದ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಆಮೇಲೆ ಬಂದದ್ದು ತುರ್ತು ಪರಿಸ್ಥಿತಿಯ ಕಾಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಷ್ಟು ಜನ ಬೇಕೇ ಬೇಕು ಎಂದು ಮೇಲಿನಿಂದ ಹುಕುಂ. ಶಿಕ್ಷಕರಿಗೆ, ಊರ ಲೆಕ್ಕ ಬರೆಯುವ ತಲಾಟಿಗೆ, ನಮಗೆ, ಎಲ್ಲರಿಗೂ ಗುರಿ ಹಂಚಿದ್ದರು. ಒಂದು ಮಧ್ಯಾಹ್ನ ಜೀಪಿನಲ್ಲಿ ಒಬ್ಬ ದೊಡ್ಡ ಸಾಹೇಬರು ನಮ್ಮ ಕೇಂದ್ರಕ್ಕೆ ಬಂದರು. ಮೂರು ಮಕ್ಕಳ ಮೇಲಿನವರ ಹೆಸರಿನ ಪಟ್ಟಿ ಬೇಕು, ಯಾವಾಗ ಕೊಡುತ್ತೀರಿ ಎಂದರು. ನಮ್ಮ ಕ್ಲಾರ್ಕು ಕೈ ಹೊಸೆಯುತ್ತ ಹತ್ತು ಹದಿನೈದು ದಿನ ಆಗಬಹುದು ಎಂದ. ಸಾಹೇಬರು ರೇಗಿದರು. ನಾನು ಒಳಗೊಳಗೇ ಖುಷಿಪಟ್ಟೆ. ಹದಿನೈದು ದಿನ ಸಿಕ್ಕರೆ ಊರಿಗೆ ಖಬರು ಮುಟ್ಟಿಸಬಹುದಲ್ಲ!

ಆಗ ದೊಡ್ಡ ಬಾಯಾರು, "ಹದಿನೈದು ದಿನಾ ಯಾಕ ಬೇಕ್ರಿ ಸಾಹೇಬ್ರ?" ಎಂದರು.

ಅವರನ್ನು ಯಾರೂ ಕೇಳಿರಲಿಲ್ಲ. ಹೆದರಿಸಿರಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಅವರೇ ಹೋಗಿ ಡಬ್ಬಿ ತಂದರು, ಮೇಜಿನ ಮೇಲೆ ಕಾರ್ಡುಗಳನ್ನು ತಟ್ಟಿ ಸರಿಪಡಿಸಿದರು. ತುರುಬಿನಿಂದ ಕಡ್ಡಿ ತೆಗೆದರು. ಏಳನೇ ತೂತಿಗೆ ಪೋಣಿಸಿ ಎತ್ತಿ ಕೊಡವಿದರು. ಮೇಜಿನ ಮೇಲೆ ಊರಿನ ಹೆಂಗಸರು ರಪರಪ ಉದುರಿದರು. ಸಾಹೇಬರು ಕುರ್ಚಿಯಿಂದ ಎದ್ದು, "ವಾಹ್! ಇದನ್ನು ನೀವೇ ಕಂಡುಹಿಡಿದಿರಾ? ಮತ್ತೊಮ್ಮೆ ತೋರಿಸಿ" ಎಂದರು.

ಮತ್ತೊಮ್ಮೆ ತೋರಿಸಿದರು. ಆಗ ಅವರ ಮುಖದಲ್ಲಿ ಕಂಡ ಬೆಳಕನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಎಷ್ಟೋ ವರ್ಷ ಆ ಉಪಾಯವನ್ನು ಯಾವ ಡಾಕ್ಟರೂ ಬಗ್ಗಿ ನೋಡಿರಲಿಲ್ಲ, "ಬಾಯಾರ ರಟ್ಟಿನಾಟ" ಎಂದು ನಗುತ್ತಿದ್ದರು. ಈಗ ಜೀಪಿನಲ್ಲಿ ಬಂದವರೊಬ್ಬರು ಎದ್ದು ನಿಂತು ಮೆಚ್ಚಿದ್ದರು. ಅದಕ್ಕಾಗಿ, ಬರೀ ಅದಕ್ಕಾಗಿ! ಬೇಲಿ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಹಸಿವಿಗೆ ಮೇಯ್ದಿದ್ದರೆ ನನಗಿಷ್ಟು ಉರಿಯುತ್ತಿರಲಿಲ್ಲವೇನೋ.

ಹೆಸರು ಓದುವ ಕೆಲಸ ನನ್ನ ಪಾಲಿಗೆ ಬಂತು. ನಾನು ಓದುತ್ತ ಹೋದೆ, ಕ್ಲಾರ್ಕು ಬರೆಯುತ್ತ ಹೋದ. ಪಿಂಜಾರರ ಸೊಸೆಯ ಕಾರ್ಡು ಕೈಗೆ ಬಂದಾಗ ನಿಂತೆ. ಸಾಹೇಬರು ಕೇಳಿದ್ದು ಮೂರಕ್ಕಿಂತ ಹೆಚ್ಚು ಮಕ್ಕಳಿದ್ದವರನ್ನು. ನಮ್ಮ ಏಳನೇ ತೂತು ಎಣಿಸುವುದು ಹೆತ್ತದ್ದನ್ನು. ಈ ವ್ಯತ್ಯಾಸ ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರೇ, ದೊಡ್ಡ ಬಾಯಾರು ಮತ್ತು ನಾನು.

"ಬಾಯಾರ, ಇದರಾಗ..." ಎಂದೆ.

"ಓದ್ರಿ ಸಿಸ್ಟರ್" ಎಂದರು. ಅಲ್ಲಿಯವರೆಗೆ ನನ್ನನ್ನು ತಂಗಿ ಎನ್ನುತ್ತಿದ್ದವರು. ಸಾಹೇಬರು ಗಡಿಯಾರ ನೋಡಿಕೊಂಡರು. ನಾನು ಓದಿದೆ. ಹೌದು, ನನ್ನ ಬಾಯಿಂದಲೇ ಓದಿದೆ. ಅವರನ್ನು ಬಯ್ಯುವಾಗ ಇದನ್ನು ಮುಚ್ಚಿಟ್ಟರೆ ನನ್ನ ನಾಲಿಗೆ ಬಿದ್ದುಹೋದೀತು.

ನಾಲ್ಕೇ ದಿನಕ್ಕೆ ಜೀಪು ಪಿಂಜಾರರ ಮನೆಯ ಮುಂದೆ ನಿಂತಿತು. ಬಂದವರ ಕೈಯಲ್ಲಿ ಪಟ್ಟಿ ಇತ್ತು. "ನನಗ ಎರಡ ಅದಾವ್ರಿ" ಎಂದು ಗಂಡ ಕೈಮುಗಿದನಂತೆ. ಪಟ್ಟಿಯಲ್ಲಿ ಹೆಸರಿದೆ ಎಂದರಂತೆ. ಆ ಎರಡೂ ಮಕ್ಕಳು ಬಾಗಿಲಲ್ಲೇ ನಿಂತಿದ್ದರೂ ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಅವನನ್ನು ಶಿಬಿರಕ್ಕೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಿ, ಸಂಜೆಗೆ ತಂದು ಬಿಟ್ಟರು. ಊರಿನಲ್ಲಿ ಹಾಗೆ ಹೋಗಿ ಬಂದ ಮನೆಗಳು ಇನ್ನೂ ಇದ್ದವು.

ಮಾರನೆಯ ದಿನ ನಾನು ಹೋದೆ. ಯಾವ ಮುಖ ಹೊತ್ತು ಹೋದೆನೋ, ಹೋದೆ. ಆಕೆ ಹೊಸ್ತಿಲಿನಲ್ಲಿ ನಿಂತಿದ್ದಳು. ಒಳಗೆ ಹಿಂಜುವ ಬಿಲ್ಲಿನ ಸದ್ದಿರಲಿಲ್ಲ. ಏನು ಹೇಳಬೇಕೋ ತಿಳಿಯದೆ ರೂಢಿಯಂತೆ ನೀರು ಕೇಳಿಬಿಟ್ಟೆ.

"ನೀರಿಲ್ರಿ" ಎಂದಳು. ಅವಳ ಹಿಂದೆ ತುಂಬಿದ ಕೊಡ ಕಾಣುತ್ತಿತ್ತು.

ನಾನು ಅಲ್ಲೇ ನಿಂತೆ. ಆಕೆ ದನಿ ಏರಿಸಲಿಲ್ಲ. "ಬಾಯಿ, ನಾ ನಿಮ್ಮ ಮುಂದ ಹೇಳಿದ್ದೆ. ಸರಕಾರದ ಮುಂದ ಹೇಳಿದ್ದಿಲ್ಲ. ಸತ್ತ ಕೂಸು ಯಾರಿಗೂ ಬ್ಯಾಡಾಗಿದ್ದು, ನೀವು ಅವನ್ನೂ ಎಣಿಸಿ ಕೊಟ್ರಲ್ಲ" ಎಂದು ಬಾಗಿಲು ಮುಂದೆ ಮಾಡಿದಳು.

ಕೇಂದ್ರಕ್ಕೆ ಬಂದವಳೇ ದೊಡ್ಡ ಬಾಯಾರ ಮುಂದೆ ನಿಂತೆ. ನಾಲ್ಕು ವರ್ಷದಲ್ಲಿ ಅವರೆದುರು ದನಿ ಎತ್ತಿದ್ದು ಅದೇ ಮೊದಲು. "ಡಬ್ಬಿ ಬಿಟ್ಟು ಹೋಗೂದಿಲ್ಲ ಅಂದಿದ್ರಿ. ನನ್ನ ಕೈಲೆ ಮಾತು ಕೊಡಿಸಿದ್ರಿ" ಎಂದೆ.

ಅವರು ಕಾರ್ಡು ಜೋಡಿಸುತ್ತಲೇ ಇದ್ದರು. "ಡಬ್ಬಿ ಎಲ್ಲಿ ಹೋಗೇತಿ? ಇಲ್ಲೇ ಐತಲ್ಲ. ಹೆಸರು ಹೋಗ್ಯಾವ ಅಷ್ಟ" ಎಂದರು.

ಸುಳ್ಳು ಹೇಳಿದ್ದರೂ ಸಹಿಸುತ್ತಿದ್ದೆ. ತಪ್ಪಾಯಿತು ಎಂದಿದ್ದರೆ ಕಾಲು ಹಿಡಿಯುತ್ತಿದ್ದೆ. ತಾವೇ ಕಲಿಸಿದ ಮಾತನ್ನು ವಕೀಲರ ಹಾಗೆ ತಿರುಚಿ ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಊರು ನಮಗೆ ಬಾಗಿಲು ಹಾಕಿತು. ನಾವು ಓಣಿಗೆ ಕಾಲಿಟ್ಟರೆ ಹೆಂಗಸರು ಹಿತ್ತಲಿಗೆ ಹೋಗುತ್ತಿದ್ದರು. ಯಾರ ಮನೆಯಲ್ಲೂ ನೀರಿರಲಿಲ್ಲ. ಬಸುರಿಯರು ಸೆರಗು ಬಿಗಿದು ಬಸಿರೇ ಇಲ್ಲ ಎನ್ನುತ್ತಿದ್ದರು. ಆ ಮಳೆಗಾಲದಲ್ಲಿ ಕುರುಬರ ಓಣಿಯ ಒಬ್ಬಳು ಐದನೇ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಳು. ಅವಳು ಬಸಿರಾಗಿದ್ದೇ ನಮಗೆ ಗೊತ್ತಿರಲಿಲ್ಲ. ಸುದ್ದಿ ಬಂದಾಗ ದೊಡ್ಡ ಬಾಯಾರು ಊಟಕ್ಕೆ ಕುಳಿತಿದ್ದರು. ಎದ್ದು ಕೈತೊಳೆದುಕೊಂಡರು. ಡಬ್ಬಿ ತೆರೆದು ಅವಳ ಹಳೆಯ ಕಾರ್ಡು ಹುಡುಕಿ ತೆಗೆದರು. ಏಳನೇ ತೂತು ಸೀಳಿತ್ತು. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದರು. ಆಮೇಲೆ ತುರುಬಿನ ಕಡ್ಡಿ ತೆಗೆದು ಡಬ್ಬಿಯೊಳಗಿಟ್ಟು ಮುಚ್ಚಿದರು. ಮತ್ತೆಂದೂ ಅದನ್ನು ಮುಡಿದದ್ದು ನಾನು ಕಾಣಲಿಲ್ಲ. ಅಳುತ್ತಾರೆಂದು ಕಾದೆ, ಅಳಲಿಲ್ಲ. ನನಗೂ ಹತ್ತಿರ ಹೋಗಿ ಕೂಡುವ ಮನಸ್ಸಾಗಲಿಲ್ಲ.

ಮುಂದಿನ ವರ್ಷ ಅವರು ನಿವೃತ್ತರಾಗಿ ಬೆಟಗೇರಿಯಲ್ಲಿ ಒಂದು ಕೋಣೆ ಹಿಡಿದರು. ನಾನು ಆ ಊರಿನಲ್ಲೇ ಉಳಿದೆ. ವರ್ಗ ಕೇಳಬಹುದಿತ್ತು, ಮುಂಡರಗಿಗೆ ಕೊಡುತ್ತೇವೆಂದೂ ಹೇಳಿದ್ದರು. ಹೋಗಲಿಲ್ಲ. ತಿಂಗಳಿಗೊಮ್ಮೆ ಪಿಂಜಾರರ ಹೊಸ್ತಿಲಿಗೆ ಹೋಗಿ ನಿಲ್ಲುವುದು, "ಎಲ್ಲಾರೂ ಆರಾಮ ಅದೀರೇನ್ರಿ?" ಎನ್ನುವುದು, ಉತ್ತರ ಬಾರದಿದ್ದರೆ ಮುಂದಿನ ಮನೆಗೆ ನಡೆಯುವುದು. ಪುಸ್ತಕ ಚೀಲದಿಂದ ಹೊರಗೆ ತೆಗೆಯುತ್ತಿರಲಿಲ್ಲ. ಹೀಗೆ ಹತ್ತು ವರ್ಷ.

ಎಂಬತ್ತರ ದಶಕದ ಕೊನೆಗೆ ನಮ್ಮನ್ನೆಲ್ಲ ಧಾರವಾಡಕ್ಕೆ ಕರೆಸಿ ಒಂದು ದಿನದ ತರಬೇತಿ ಕೊಟ್ಟರು. ಪಟ್ಟೆ ಅಂಗಿ ತೊಟ್ಟ ಒಬ್ಬ ತರುಣ ಕಂಪ್ಯೂಟರ್ ಎಂಬ ಯಂತ್ರದ ಚಿತ್ರ ತೋರಿಸಿ, ಇನ್ನು ಮುಂದೆ ನೀವು ಬರೆದದ್ದೆಲ್ಲ ಇದರೊಳಗೆ ಹೋಗುತ್ತದೆ, ಯಾರ ಹೆಸರು ಬೇಕಾದರೂ ಒಂದು ನಿಮಿಷದಲ್ಲಿ ಹೊರಗೆ ಬರುತ್ತದೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು, "ಹೊರಗ ಬರೂದು ಆತ್ರಿ. ಬರಬಾರದು ಅಂದ್ರ ತಡಿಯಾಕ ಏನರ ಐತೇನು?" ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪಕ್ಕದವಳು ನನ್ನ ಸೆರಗು ಜಗ್ಗಿ ಕೂರಿಸಿದಳು.

ಅದೇ ವರ್ಷ ಒಂದು ಮುಂಜಾನೆ ಪಿಂಜಾರರ ಸೊಸೆ ತಾನೇ ಕೇಂದ್ರದ ಬಾಗಿಲಿಗೆ ಬಂದಳು. ಹುಬ್ಬಿನ ಮೇಲೆ ಅದೇ ಅರಳೆಯ ಎಳೆ, ತಲೆಯಲ್ಲಿ ನರೆ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ನೋವು ಶುರುವಾಗಿ ಬಹಳ ಹೊತ್ತಾಯಿತು, ಸೂಲಗಿತ್ತಿ ಕೈಚೆಲ್ಲಿದ್ದಾಳೆ. "ಬರ್ರಿ. ಆದರ ಏನೂ ಬರೀಬ್ಯಾಡ್ರಿ" ಎಂದಳು. ನಾನು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಹೋದೆ. ಹೆಬ್ಬೆರಳು ಒತ್ತಿ ಹತ್ತು ಎಣಿಸಿದೆ, ಕೆಳರೆಪ್ಪೆ ಜಗ್ಗಿ ನೋಡಿದೆ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂಸಿನ ಬೆನ್ನು ಯಾವ ಕಡೆಗಿದೆ ಎಂದು ಹುಡುಕಿದೆ. ನನ್ನ ಕೈಗಳು ಮಾಡಿದ ಒಂದೊಂದು ಕೆಲಸವೂ ದೊಡ್ಡ ಬಾಯಾರದ್ದೇ ಆಗಿತ್ತು. ಅದು ನನಗೆ ಸಿಟ್ಟನ್ನೂ ತರಿಸಿತು, ಧೈರ್ಯವನ್ನೂ ಕೊಟ್ಟಿತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿ ಜೋರಾಗಿ ಅತ್ತಿತು. ಕೈತೊಳೆದು ಕೂತಾಗ ಆಕೆ ಒಳಗೆ ಹೋಗಿ ತಂಬಿಗೆ ತಂದಳು. ಇನ್ನೊಂದು ಕೈಯಲ್ಲಿ ಬೆಲ್ಲವಿತ್ತು. ನಾನು ಬೆಲ್ಲ ಕಡಿದು, ತಂಬಿಗೆ ಬರಿದಾಗುವ ತನಕ ಕುಡಿದೆ.

ಅದಾದ ಕೆಲವು ತಿಂಗಳಿಗೆ ದೊಡ್ಡ ಬಾಯಾರು ಗದಗದ ಒಂದು ಆಸ್ಪತ್ರೆಯಲ್ಲಿದ್ದಾರೆ, ನಿನ್ನನ್ನು ಕೇಳುತ್ತಿದ್ದಾರೆ ಎಂದು ಅವರ ತಂಗಿಯ ಮಗಳು ಹೇಳಿಕಳಿಸಿದಳು. ಹೋಗುವುದೋ ಬೇಡವೋ ಎಂದು ಎರಡು ದಿನ ಕಳೆದು ಹೋದೆ. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಎಂಥ ಮೈಕಟ್ಟಿನವರು, ಹಿಡಿಯಷ್ಟಾಗಿದ್ದರು. ತುರುಬು ಹೋಗಿ ತೆಳ್ಳಗಿನ ಜಡೆ. ಮಂಚದ ಕಾಲ್ದೆಸೆಗೆ ಅವರ ಚಾರ್ಟು ತೂಗುಹಾಕಿದ್ದರು. ಪಕ್ಕದ ಮಂಚದವರನ್ನು ನೋಡಲು ಬಂದ ಒಬ್ಬ ಗಂಡಸು ಅದನ್ನೆತ್ತಿ ದೊಡ್ಡದಾಗಿ ಓದುತ್ತಿದ್ದ. ನಾನು ಕಸಿದುಕೊಂಡು ಬೆನ್ನು ಮೇಲಾಗಿ ತಿರುಗಿಸಿಟ್ಟೆ. ಅವರು ಅದನ್ನು ನೋಡಿದರು.

ನಾನು ನೀರು ಕುಡಿಸಿ ಬಾಯಿ ಒರೆಸಿದೆ. ಮೈ ಒರೆಸಿ ಸೀರೆ ಬದಲಿಸಿದೆ. ಎಲ್ಲ ಮುಗಿದ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ತಂಗಿ ಎಂದರು.

"ತಂಗಿ, ಪಿಂಜಾರ ಮನ್ಯಾಗ ಈಗರ ನೀರ ಕೊಡತಾರೇನು?"

ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಹೌದು ಎಂದರೆ ಸಾಕಿತ್ತು. ಆ ಒಂದು ಮಾತು ಅವರಿಗೆ ಗಂಗೆಯಾಗುತ್ತಿತ್ತು, ನನಗದು ಗೊತ್ತಿತ್ತು. ಬೇಕೆಂದೇ ತಡೆದೆನೋ, ಸೇಡೇ ಇತ್ತೋ, ಇದ್ದರೂ ಇರಬಹುದು. ಆದರೆ ಆ ಮನೆಯ ಬಾಗಿಲು, ಆ ಮಗಳು, ಆ ಕೂಸು, ಆ ತಂಬಿಗೆ, ಯಾವುದನ್ನೂ ಎಲ್ಲೂ ಬರೆಯುವುದಿಲ್ಲವೆಂದು ಒಪ್ಪಿ ನಾನು ಒಳಗೆ ಹೋಗಿದ್ದೆ.

"ಅದು ಆ ಮನಿ ಮಾತ್ರಿ ಬಾಯಾರ. ನನ್ನ ಮುಂದ ಆಗಿದ್ದು. ಹೊರಗ ಹೇಳೂದಲ್ಲ" ಎಂದೆ.

ಅವರು ನನ್ನ ಮಣಿಕಟ್ಟು ಬಿಡಲಿಲ್ಲ. "ಹೂಂ" ಎಂದರು. ಆಮೇಲೆ ಅತ್ತರು. ಕುರುಬರ ಓಣಿಯವಳು ಸತ್ತ ದಿನ ನಾನು ಕಾದ ಅಳು ಅದು. ಈ ಸಲ ಹತ್ತಿರ ಕೂತಿದ್ದೆ. ಮೂರನೆಯ ದಿನ ತೀರಿಕೊಂಡರು.

ಪಿಂಜಾರರ ಸೊಸೆಯೂ ತೀರಿಹೋಗಿ, ಆ ಮನೆಯವರೂ ಊರು ಬಿಟ್ಟು ಎಷ್ಟೋ ಕಾಲವಾದ್ದರಿಂದ ಇಷ್ಟು ಬರೆದಿದ್ದೇನೆ. ಊರಿನ ಹೆಸರು ಮಾತ್ರ ಬರೆಯಲಿಲ್ಲ.